ಹಸಿದವರ ಹುಬ್ಬಳ್ಳಿ, ಮೊದಲ ಮುದ್ರಣ

ನಾನು ಒಂದು ಪುಸ್ತಕ. ಪುಸ್ತಕ ಅಂದ ಕೂಡಲೇ ಕೈ ಮುಗಿಯಬೇಡಿ. ನನ್ನೊಳಗೆ ದೇವರಿಲ್ಲ, ನೀತಿ ಇಲ್ಲ, ಪದ್ಯವಂತೂ ಇಲ್ಲವೇ ಇಲ್ಲ. ಹುಬ್ಬಳ್ಳಿಗೆ ಬಂದವನಿಗೆ ಹಸಿವಾದರೆ ಎಲ್ಲಿ ಉಣ್ಣಬೇಕು, ಎಲ್ಲಿ ಕಾಲಿಡಬಾರದು ಎಂಬುದಷ್ಟೇ ನನ್ನ ಹೊಟ್ಟೆಯಲ್ಲಿದೆ. ಹೆಸರು ‘ಹಸಿದವರ ಹುಬ್ಬಳ್ಳಿ’. ಅಂಗಿಯ ಕಿಸೆಯಲ್ಲಿ ಹಿಡಿಸುವಷ್ಟು ಮೈ. ಹುಟ್ಟಿದಾಗ ರಟ್ಟು ಕೆಂಪಗಿತ್ತು. ಈಗ ಅದು ಅರಿಸಿನವೋ ಖಾರವೋ ಎಣ್ಣೆಯೋ ಹೇಳಲಾಗದ ಬಣ್ಣ.

ನನ್ನ ಕಾಗದ ಬಂದದ್ದು ಬೇರೆ ಕೆಲಸಕ್ಕೆ. ಐದನೇ ಇಯತ್ತೆಯ ಗಣಿತದ ಗೈಡು ಆಗಬೇಕಾಗಿತ್ತು. ಪಠ್ಯ ಬದಲಾಯಿತು ಅಂತ ಅಚ್ಚು ಅರ್ಧಕ್ಕೇ ನಿಂತಿತು, ಉಳಿದ ಕಾಗದವನ್ನು ಪ್ರೆಸ್ಸಿನ ಮೂಲೆಗೆ ಒಗೆದರು. ಹೀಗಾಗಿ ನಾನೂ ಶಾಲೆಯನ್ನು ಅರ್ಧಕ್ಕೆ ಬಿಟ್ಟವನೇ. ಲೆಕ್ಕ ಬರುವುದಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ಬರುತ್ತದೆ.

ಸಿಟ್ಟು ನನಗೆ ಹುಟ್ಟಿಸಿದವನಿಂದ ಬಂದ ಆಸ್ತಿ. ಅವನ ಹೆಸರು ಗದಿಗೆಪ್ಪ ಹೂಗಾರ. ಎಂಟನೇ ಇಯತ್ತೆಯಲ್ಲಿ ಮಾಸ್ತರರು, “ನಿಮ್ಮಪ್ಪ ಹೂವಿನ ಮಾಲಿ ಕಟ್ತಾನ, ನೀನೂ ಹೋಗಿ ಕಟ್ಟು, ಇಲ್ಲೇನ್ ಕಡೀತಿ?” ಅಂದರಂತೆ. ಪಾಟಿಚೀಲ ಅಲ್ಲೇ ಬಿಟ್ಟು ಎದ್ದು ಬಂದವನು ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಒಂದು ಹಳೆಯ ಪ್ರೆಸ್ಸು ಸೇರಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ, ಮಷೀನು ತುಳಿಯುವುದನ್ನು ಕಲಿತ. ಅಕ್ಷರವೆಲ್ಲ ಅವನಿಗೆ ತಿರುಗುಮುರುಗಾಗಿಯೇ ಪರಿಚಯ. ಆದರೂ ಸುಳ್ಳನ್ನು ನೆಟ್ಟಗೆ ಗುರುತಿಸುತ್ತಿದ್ದ.

ಆ ಪ್ರೆಸ್ಸಿನಲ್ಲಿ ವಾರಕ್ಕೊಮ್ಮೆ ಒಂದು ಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಹೋಟೆಲುಗಳನ್ನು ಹೊಗಳುವ ಒಂದು ಪುಟ. ಜಾಹೀರಾತು ಕೊಟ್ಟವನ ಸಾರು ಗಂಗೋದಕ, ಕೊಡದವನ ಪಾಯಸವೂ ಗಟಾರದ ನೀರು. ಒಮ್ಮೆ ‘ಮನೆಯೂಟ ಮರೆಸುವ ರುಚಿ’ ಎಂಬ ಸಾಲನ್ನು ಗದಿಗೆಪ್ಪ ತಾನೇ ಮೊಳೆ ಹಿಡಿದು ಜೋಡಿಸಿದ. ಮರುದಿನ ಅದೇ ಹೋಟೆಲಿನಲ್ಲಿ ಉಂಡು, ಮೂರನೆಯ ದಿನದವರೆಗೂ ಚರಗಿ ಹಿಡಿದು ಓಡಾಡಿದ.

“ನನ್ನ ಕೈಲೇ ಜೋಡಿಸೇನಲೇ ಆ ಸುಳ್ಳು! ಈ ಕೈಲೇ!” ಎಂದು ಕೂಗಾಡಿದ. ಕೇಳುತ್ತಿದ್ದವನು ಅವನ ಗೆಳೆಯ ದಾವಲ್, ರಿಕ್ಷಾ ಓಡಿಸುವವನು.

“ಹಂಗಾರ ಖರೇ ಹೇಳೂ ಪುಸ್ತಕ ನೀನಽ ಮಾಡು” ಅಂದ ದಾವಲ್.

“ಮಾಡ್ತೀನಿ. ಏನ್ ತಿಳ್ಕೊಂಡೀ?”

“ಮಾಡು. ಬರಿಯೂದು ನಿನಗಿರಲಿ. ಉಣ್ಣೂದು ನನಗ ಬಿಡು.”

ಹೀಗೆ ನನ್ನ ಬೀಜ ಬಿತ್ತು. ಪ್ರೆಸ್ಸಿನ ಮಾಲಕರು ಮಧ್ಯಾಹ್ನ ಊಟಕ್ಕೆ ಹೋಗಿ ಒಂದು ನಿದ್ದೆ ತೆಗೆದು ಬರುವವರು. ಆ ಹೊತ್ತಿನಲ್ಲಿ ಮಷೀನು ಖಾಲಿ. “ಹೆಂಗೂ ರದ್ದಿ ಕಾಗದ, ಏನರ ಮಾಡ್ಕೊ. ಮಷೀನು ಮುರದ್ರ ನಿನ್ನ ಮುರೀತೀನಿ” ಎಂಬ ಆಶೀರ್ವಾದವೂ ಸಿಕ್ಕಿತು. ಊರೆಲ್ಲ ಉಂಡು ಮಲಗುವ ಹೊತ್ತಿನಲ್ಲಿ, ಉಪವಾಸವಿದ್ದ ಒಬ್ಬನ ಕಾಲ ತುಳಿತಕ್ಕೆ, ಒಂದೊಂದೇ ಹಾಳೆಯಾಗಿ ನಾನು ಹುಟ್ಟಿದೆ.

ನನ್ನ ಮೊದಲ ಪುಟದಲ್ಲಿ ಗದಿಗೆಪ್ಪ ತನ್ನ ಕಟ್ಟಳೆಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ. ‘ಪುಕ್ಕಟೆ ಉಣ್ಣುವುದಿಲ್ಲ. ಪುಕ್ಕಟೆ ಉಣಿಸಿದವರ ಹೆಸರು ಇಲ್ಲಿ ಬರುವುದಿಲ್ಲ. ನಾವು ಯಾರೆಂದು ಹೇಳುವುದಿಲ್ಲ, ಅವರನ್ನೂ ಏನೂ ಕೇಳುವುದಿಲ್ಲ. ಇಬ್ಬರು ಬೇರೆ ಬೇರೆ ದಿನ ಉಂಡು ಒಪ್ಪಿದರೆ ಮಾತ್ರ ಬರೆಯುತ್ತೇವೆ. ಇಲ್ಲಿ ಉಣ್ಣದೆ ಬರೆದ ಒಂದು ಸಾಲೂ ಇಲ್ಲ.’ ಆ ಕೊನೆಯ ಸಾಲು ನನ್ನ ಮೀಸೆ. ಮೀಸೆಯಿಲ್ಲದಿದ್ದರೆ ನಾನು ಬರೀ ರದ್ದಿ.

ಮಾಲಕನನ್ನಾಗಲಿ ಮಾಣಿಯನ್ನಾಗಲಿ ಏನೂ ಕೇಳಬಾರದು ಎಂಬ ಕಟ್ಟಳೆ ಯಾಕೆಂದು ದಾವಲ್‌ಗೆ ತಿಳಿಯುತ್ತಿರಲಿಲ್ಲ. “ಕೇಳಿದ್ರ ಎಚ್ಚರಾಗ್ತಾರ. ಎಚ್ಚರಾದ್ರ ತುಪ್ಪ ಹಾಕ್ತಾರ. ನನಗ ಅವರು ದಿನಾ ಏನು ಹಾಕ್ತಾರ ಅದು ಬೇಕು” ಅನ್ನುತ್ತಿದ್ದ ಗದಿಗೆಪ್ಪ. ಮಾತು ಸರಿಯಾಗಿಯೇ ಇತ್ತು. ಆ ಸರಿಯಾದ ಮಾತೇ ನಮ್ಮನ್ನು ಗುಂಡಿಗೆ ತಳ್ಳಿತು.

ಆ ಪುಟದ ಕತೆ ಹೇಳುತ್ತೇನೆ.

ಒಂದು ಸೋಮವಾರ ಗದಿಗೆಪ್ಪ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಹೋಗುತ್ತಿದ್ದ. ಒಂದು ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಹೊರಗಿನ ಕಲ್ಲಿನ ಹತ್ತಿರ ಜನ ಕೈ ತೊಳೆದು ಧೋತರದ ಚುಂಗಿಗೆ ಒರೆಸಿಕೊಳ್ಳುತ್ತಿದ್ದರು. ಒಳಗಿನಿಂದ ಎಣಗಾಯಿಯ ವಾಸನೆ ಬಂದು ಅವನ ಕೊರಳಪಟ್ಟಿ ಹಿಡಿದು ಎಳೆಯಿತು. ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುವವರು. ಗೋಡೆಗೆ ಹಾರ ಹಾಕಿದ ಒಬ್ಬ ಗಂಡಸಿನ ಫೋಟೋ, ಕೆಳಗೆ ‘ಚನ್ನವೀರಪ್ಪ’ ಎಂಬ ಹೆಸರು. ಫೋಟೋದ ಮುಂದೆ ಒಂದು ಹಿತ್ತಾಳೆಯ ತಾಟು, ಅದರಲ್ಲಿ ಚಿಲ್ಲರೆ, ನೋಟು. ಖಾನಾವಳಿ ಅಂದಮೇಲೆ ಅದನ್ನು ಕಟ್ಟಿದ ಹಿರಿಯನ ಫೋಟೋ ಹಾರ ಹಾಕಿಕೊಂಡು ಇದ್ದೇ ಇರುತ್ತದೆ. ಗದಿಗೆಪ್ಪನಿಗೆ ಎರಡನೆಯ ಯೋಚನೆಯೇ ಬರಲಿಲ್ಲ.

“ಬರ್ರಿ, ಕುಂದರ್ರಿ” ಅಂದಳು ಒಬ್ಬ ಹೆಣ್ಣುಮಗಳು. ಕೂತ. ಬಿಸಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಮೇಲೆ ಗೋದಿ ಹುಗ್ಗಿ. ಉಂಡ. ಅವಳು ಏನೂ ಕೇಳಲಿಲ್ಲ, ಅವನೂ ಏನೂ ಕೇಳಲಿಲ್ಲ. ಎದ್ದು ಕೈ ತೊಳೆದು, ಎಲ್ಲರೂ ಮಾಡಿದಂತೆ ತಾಟಿನಲ್ಲಿ ಹಣ ಇಟ್ಟು ಹೊರಗೆ ಬಂದ. ಹುಟ್ಟಿದಾಗಿನಿಂದ ಉರಿಯುತ್ತಿದ್ದ ಅವನ ಹೊಟ್ಟೆ ಅವತ್ತು ತಣ್ಣಗಾಗಿತ್ತಂತೆ.

ಕೆಲ ದಿನ ಬಿಟ್ಟು ದಾವಲ್ ಹೋದ. ಅವತ್ತು ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ಕಟ್ಟೆಯ ಮೇಲೆ ಕೂತು, “ಊಟ ಐತೇನ್ರೀ ಅವ್ವಾರ, ಚನ್ನವೀರಪ್ಪಾರದು ಇದಽ ಅಲ್ಲೇನ್ರಿ?” ಎಂದ. ಅವಳು ಅವನ ಖಾಕಿ ಅಂಗಿ ನೋಡಿದಳು.

“ಡೈವರೇನಪಾ?”

“ಹೌದ್ರಿ.”

“ಒಳಗ ಬಾ. ಕೈಕಾಲು ತೊಳಿ.”

ದಾವಲ್ ಉಂಡು, ಫೋಟೋದ ಮುಂದಿನ ತಾಟಿನಲ್ಲಿ ಹಣ ಇಟ್ಟು ಬಂದು ಪ್ರೆಸ್ಸಿನ ಬಾಗಿಲಿಗೆ ಒರಗಿ ಬಹಳ ಹೊತ್ತು ಸುಮ್ಮನೆ ಕೂತ. ಅವನು ಸುಮ್ಮನೆ ಕೂತದ್ದನ್ನು ಗದಿಗೆಪ್ಪ ಅದೇ ಮೊದಲು ನೋಡಿದ್ದು. ಮಾತೇ ಬೇಕಾಗಲಿಲ್ಲ, ಪುಟ ಪಾಸಾಯಿತು.

ಅದು ಹೀಗಿದೆ: ‘ಚನ್ನವೀರಪ್ಪನ ಖಾನಾವಳಿ, ಹಳೇ ಹುಬ್ಬಳ್ಳಿ. ಬೋರ್ಡಿಲ್ಲ, ಹೆಸರು ಹೇಳಿ ಕೇಳಿರಿ. ಗಲ್ಲಾ ಇಲ್ಲ, ಫೋಟೋದ ಮುಂದಿನ ತಾಟಿನಲ್ಲಿ ಮನಸ್ಸಿಗೆ ಬಂದಷ್ಟು ಇಡಿರಿ. ಸಾಕು ಅಂದರೆ ಕೇಳುವುದಿಲ್ಲ, ಬೇಕು ಅನ್ನುವ ಮೊದಲೇ ತಾಟಿಗೆ ಬಿದ್ದಿರುತ್ತದೆ. ಸೋಮವಾರ ಗೋದಿ ಹುಗ್ಗಿ. ಈ ಊರಿನಲ್ಲಿ ಇದಕ್ಕಿಂತ ಮೇಲಿನ ಊಟ ನಾವು ಉಂಡಿಲ್ಲ.’

ನಾನು ಮಾರಾಟವಾದದ್ದು ದಾವಲ್‌ನ ರಿಕ್ಷಾದಲ್ಲಿ. ಸ್ಟೇಷನ್ನಿನಿಂದ ಹತ್ತಿದ ಗಿರಾಕಿ, “ಇಲ್ಲೆ ಛಲೋ ಊಟ ಎಲ್ಲಿ ಸಿಗತೈತಿ?” ಅನ್ನುವುದೇ ತಡ, ಇವನ ಕೈ ಹಿಂದಕ್ಕೆ ಬರುತ್ತಿತ್ತು, ಕೈಯಲ್ಲಿ ನಮ್ಮಲ್ಲೊಬ್ಬ. ನನ್ನನ್ನು ಕೊಂಡವನು ಔಷಧಿ ಕಂಪನಿಯ ಏಜೆಂಟ್ ದೇಸಾಯಿ. ಕುತ್ತಿಗೆಗೆ ಟೈ, ಹೊಟ್ಟೆಯಲ್ಲಿ ಹುಣ್ಣು, ಊರೂರು ತಿರುಗಾಟ. ಮೊದಲ ದಿನವೇ ನನ್ನನ್ನು ಹಿಡಿದು ಆ ಓಣಿಗೆ ಹೋದ. ಬಾಗಿಲಲ್ಲಿ ನಿಂತು, “ಚನ್ನವೀರಪ್ಪ ಅವರದು ಇದೇನಾ?” ಎಂದ. ಉಂಡ. ಟೈ ಸಡಿಲಿಸಿ ಕಂಬಕ್ಕೆ ಒರಗಿ ಒಂದು ಜೊಂಪು ತೆಗೆದ. ಆಮೇಲೆ ಗಡಬಡಿಸಿ ಎದ್ದು ಓಡಿದ. ನಾನು ಕಂಬದ ಬುಡದಲ್ಲೇ ಉಳಿದೆ.

ಆ ಹೆಣ್ಣುಮಗಳು ನನ್ನನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಫೋಟೋದ ಪಕ್ಕದ ಗೂಡಿನಲ್ಲಿ ಇಟ್ಟಳು. ಮರೆತು ಹೋದವರ ವಸ್ತು, ತಿರುಗಿ ಬಂದಾಗ ಕೊಟ್ಟರಾಯಿತು ಎಂದು. ಅವಳ ಹೆಸರು ನೀಲಗಂಗವ್ವ.

ಗೂಡಿನಲ್ಲಿ ಕೂತು ನಾನು ನೋಡಿದೆ. ನೋಡನೋಡುತ್ತ ನನ್ನ ತಲೆ ಗಿರ್ರೆಂದಿತು. ಇಲ್ಲಿ ದೊಡ್ಡ ಒಲೆ ಇಲ್ಲ. ಆಳುಗಳಿಲ್ಲ. ಒಬ್ಬ ಹೆಂಗಸು, ಒಂದು ಹಂಚು. ಬೆಳಿಗ್ಗೆ ರೊಟ್ಟಿ ಬಡಿದು ನಾಲ್ಕು ಮನೆಗಳಿಗೆ ಕೊಟ್ಟು ಬರುತ್ತಾಳೆ, ಅದೇ ಅವಳ ಜೀವನ. ಹಾಗಾದರೆ ಖಾನಾವಳಿ ಎಲ್ಲಿ? ನನ್ನ ಹೊಟ್ಟೆಯಲ್ಲಿ ಖಾನಾವಳಿ ಅಂತ ಬರೆದಿದೆಯಲ್ಲ! ಉಣ್ಣದೆ ಬರೆದ ಸಾಲು ಇಲ್ಲ ಅಂತಲೂ ಬರೆದಿದೆಯಲ್ಲ!

ಉತ್ತರ ಕೊಟ್ಟವಳು ಪಕ್ಕದ ಮನೆಯ ಪಾರವ್ವ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಐದಾರು ಜನ ಉಣ್ಣುತ್ತಿದ್ದರು. ಪಾರವ್ವ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಪಿಸುಗುಟ್ಟಿದಳು.

“ಏ ನೀಲಾ, ನಿನ್ನ ಗಂಡ ಲಾರಿ ಹೊಡೀತಿದ್ನೋ, ಇಲೆಕ್ಷನ್‌ಕ ನಿಂತಿದ್ನೋ? ದಿನಾ ಇಷ್ಟು ಮಂದಿ!”

“ಹೋದಲ್ಲೆಲ್ಲ ಹೇಳ್ತಿದ್ರವ್ವಾ, ಹುಬ್ಬಳ್ಳಿಗೆ ಬಂದ್ರ ನಮ್ಮನ್ಯಾಗ ಉಣ್ಣಬೇಕು ಅಂತ. ರಸ್ತೇದಾಗ ಉಂಡು ಉಂಡು ಅವರ ಬಾಯಿ ಸತ್ತಿತ್ತು. ಉಪವಾಸದ ಮಂದಿ ಕಂಡ್ರ ತಡೀತಿದ್ದಿಲ್ಲ.”

“ಇವರಿಗೆಲ್ಲ ಈಗ ನೆನಪಾತು? ಸತ್ತು ವರ್ಷಾದ ಮ್ಯಾಲೆ?”

“ವರ್ಷದ ದಿನ ಊರ ಮಂದಿ ಬಂದು ಉಂಡು ಹೋದ್ರಲ್ಲ, ಅವತ್ತಿಂದ ಸುದ್ದಿ ಹಬ್ಬೈತಿ. ಎಲ್ಲರೂ ಬಾಗಿಲದಾಗ ನಿಂತು ಅವರ ಹೆಸರು ಹೇಳಿ ಕೇಳ್ತಾರ ಪಾರವ್ವ. ಎಲ್ಲೆಲ್ಲಿಯವರೋ ಏನೋ. ಸೋಮವಾರ ಬಂದವರು ಹುಗ್ಗಿ ಐತೇನ್ರಿ ಅಂತಾರ. ಅವರಿಗೆ ಹುಗ್ಗಿ ಅಂದ್ರ ಜೀವ. ಅದೂ ಗೊತ್ತೈತಿ ಈ ಮಂದಿಗೆ!”

ಅವಳ ಮುಖ ಬೆಳಗುತ್ತಿತ್ತು. ನನ್ನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಗದಿಗೆಪ್ಪ ಉಂಡದ್ದು ಚನ್ನವೀರಪ್ಪ ಸತ್ತ ವರ್ಷದ ದಿನದ ಊಟ. ಅವನು ತಾಟಿನಲ್ಲಿ ಇಟ್ಟದ್ದು ಬಿಲ್ಲು, ಅಲ್ಲಿ ಉಳಿದವರೆಲ್ಲ ಇಟ್ಟದ್ದು ಸತ್ತವನ ಮರ್ಯಾದೆ. ದಾವಲ್ ಉಂಡದ್ದು ಖಾಕಿ ಅಂಗಿಯ ಪುಣ್ಯದಿಂದ, ಗಂಡನ ಜೊತೆಯ ಡ್ರೈವರೆಂದು ಅವಳು ತಿಳಿದದ್ದರಿಂದ. ಉಣ್ಣುವವರನ್ನು ಏನೂ ಕೇಳಬಾರದು ಎಂಬುದು ಅವಳ ಮನೆತನದ ರೀತಿ, ಉಣಿಸುವವರನ್ನು ಏನೂ ಕೇಳಬಾರದು ಎಂಬುದು ನಮ್ಮ ಕಟ್ಟಳೆ. ಎರಡು ಮೌನಗಳು ಎದುರುಬದುರು ಕೂತು ಹೊಟ್ಟೆ ತುಂಬ ಉಂಡಿದ್ದವು.

ಬಂದವರಾದರೂ ಒಂದು ಮಾತು ಬಾಯಿಬಿಟ್ಟು ಕೇಳಬಾರದೆ? ಕೇಳುತ್ತಿದ್ದರು, ಬೇಡದ್ದನ್ನು. ಒಬ್ಬ, “ಪಾರ್ಸಲ್ ಕಟ್ತೀರೇನ್ರಿ?” ಎಂದ. ಮನೆಯಲ್ಲಿ ಮಕ್ಕಳು ಹಸಿದಿರಬೇಕು ಎಂದು ಅವಳು ಎಲೆಯಲ್ಲಿ ಸುತ್ತಿ ಕೊಟ್ಟಳು. ಇನ್ನೊಬ್ಬ, “ಬಡೇಸೋಪು ಇಲ್ಲೇನ್ರಿ?” ಎಂದ. ಅಂಗಡಿಗೆ ಹೋಗಿ ತಂದಳು. ಮತ್ತೊಬ್ಬ, “ಉಪ್ಪು ಚೂರು ಕಡಿಮಿ” ಎಂದಾಗ ಅವಳ ಕಣ್ಣು ತುಂಬಿತು. ಚನ್ನವೀರಪ್ಪನೂ ದಿನಾ ಹಾಗೇ ಅನ್ನುತ್ತಿದ್ದನಂತೆ.

ತಾಟಿಗೆ ಬಿದ್ದ ಹಣವನ್ನು ಅವಳು ಮುಟ್ಟಲಿಲ್ಲ. ಒಂದು ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ ಇಡುತ್ತಿದ್ದಳು. “ಸತ್ತವರಿಗೆ ಇಟ್ಟಿದ್ದು ಇದ್ದವರು ಉಂಡ್ರ ದಕ್ಕೂದಿಲ್ಲ” ಅನ್ನುತ್ತಿದ್ದಳು. ಬಂದವರಿಗೆ ರೊಟ್ಟಿ ಸಾಲದೆ ನಾಲ್ಕು ಮನೆಗಳ ರೊಟ್ಟಿಯೂ ಪಡಸಾಲೆಯಲ್ಲೇ ಖರ್ಚಾಗತೊಡಗಿತು. ಎರಡು ಮನೆಯವರು ಬೇರೆ ಕಡೆ ರೊಟ್ಟಿ ಹಚ್ಚಿಕೊಂಡರು. ಜೋಳದ ಡಬ್ಬಿಗೆ ಸೇರು ಇಳಿಬಿಟ್ಟರೆ ಖಣ್ ಎಂಬ ಸದ್ದು ಬರುತ್ತಿತ್ತು. ಅವಳು ತಾನು ಉಣ್ಣದೆ ಮಜ್ಜಿಗೆ ಕುಡಿದು ಏಳುವುದನ್ನು ನಾನು ಗೂಡಿನಿಂದ ನೋಡಿದೆ. ಹಸಿದವರ ಹುಬ್ಬಳ್ಳಿಯಂತೆ! ಒಬ್ಬಳನ್ನು ಹಸಿವಿಗೆ ಕೆಡವುವ ಪುಸ್ತಕಕ್ಕೆ ಎಂಥ ಹೆಸರು! ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಒಂದು ದಿನ ಗೂಡು ಸಾರಿಸುವಾಗ ನಾನು ಕೆಳಗೆ ಬಿದ್ದೆ. ಬಿದ್ದವನು ಆ ಪುಟಕ್ಕೇ ತೆರೆದುಕೊಂಡೆ. ನೀಲಗಂಗವ್ವನಿಗೆ ಓದು ಬರುವುದಿಲ್ಲ. ಆದರೆ ಗಂಡನ ಹೆಸರಿನ ಆಕಾರ ಬರುತ್ತದೆ, ದಿನವೂ ಫೋಟೋದ ಕೆಳಗೆ ನೋಡುತ್ತಾಳಲ್ಲ. ಬೆರಳಿಟ್ಟಳು. ಫೋಟೋ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎದ್ದು ಹೋಗಿ ವಿಭೂತಿ ತಂದು ಆ ಹೆಸರಿಗೆ ಹಚ್ಚಿದಳು.

ಅಯ್ಯೋ, ಒರೆಸು ತಾಯಿ ಎಂದು ಕೂಗಬೇಕೆನಿಸಿತು. ಪುಸ್ತಕಕ್ಕೆ ಬಾಯಿ ಇರುವುದು ಓದುವವರ ಮುಖದಲ್ಲಿ. ಆ ಮನೆಯಲ್ಲಿ ನನಗೆ ಬಾಯಿ ಇರಲಿಲ್ಲ.

ಬಾಯಿ ಬಂತು, ತಾನಾಗಿಯೇ ನಡೆದುಕೊಂಡು ಬಂತು. ಗದಿಗೆಪ್ಪ! ಎರಡನೆಯ ಮುದ್ರಣಕ್ಕೆ ಎಲ್ಲ ಕಡೆಯೂ ಮತ್ತೊಮ್ಮೆ ಉಂಡು ನೋಡಲೇಬೇಕೆಂದು ಹಟ ಹಿಡಿದು ಹೊರಟಿದ್ದ. ಪಡಸಾಲೆಯಲ್ಲಿ ಅವನೊಬ್ಬನೇ. ಎಂದಿನಂತೆ ಏನೂ ಕೇಳದೆ ಉಂಡ, ಕೈ ತೊಳೆದ, ತಾಟಿನಲ್ಲಿ ನೋಟು ಇಟ್ಟ. ಅಷ್ಟರಲ್ಲಿ ಅವಳು ನನ್ನನ್ನು ತಂದು ಅವನ ಕೈಗೆ ಕೊಟ್ಟಳು.

“ತಮ್ಮಾ, ನಿನಗ ಓದಾಕ ಬರತೈತಿ?”

“ಬರತೈತ್ರಿ.”

“ಇಷ್ಟು ಓದಿ ಹೇಳು. ಯಾರೋ ಪುಣ್ಯಾತ್ಮ ನಮ್ಮನಿಯವರ ಮ್ಯಾಲೆ ಬರದಾನ. ಹೆಸರು ಗೊತ್ತಾತು, ಮುಂದಿಂದು ಗೊತ್ತಾಗವಲ್ದು.”

ಗದಿಗೆಪ್ಪ ತನ್ನ ಪುಸ್ತಕವನ್ನು ನೋಡಿದ. ತಾನು ಜೋಡಿಸಿದ ಅಕ್ಷರದ ಮೇಲೆ ವಿಭೂತಿ. ಅವನಿಗೆ ಏನೂ ಅರ್ಥವಾಗಲಿಲ್ಲ.

“ಇದು ಖಾನಾವಳಿ ಬಗ್ಗೆ ಬರದದ್ದರಿ.”

“ಯಾವ ಖಾನಾವಳಿ?”

“ಇದಽರಿ. ನಿಮ್ದು.”

“ನಮ್ದೆಲ್ಲೈತಪಾ ಖಾನಾವಳಿ? ಇದು ಮನಿ.”

“ಮನಿ ಅಂದ್ರ... ಅವತ್ತು ಸೋಮವಾರ ಮಂದಿ ಉಣ್ಣಾಕ ಕುಂತಿದ್ರಲ್ರಿ. ಹುಗ್ಗಿ ಇತ್ತು.”

“ಅವತ್ತು ನಮ್ಮನಿಯವರ ವರ್ಷದ ದಿನ ಇತ್ತಪಾ. ನೀನೂ ಬಂದಿದ್ದೇನು?”

ಗದಿಗೆಪ್ಪ ಫೋಟೋ ನೋಡಿದ. ಹಾರ ನೋಡಿದ. ತಾಟು ನೋಡಿದ. ಕಂಬ ಹಿಡಿದು ನಿಧಾನ ಕೆಳಗೆ ಕೂತ.

ಆ ಗಳಿಗೆಯಲ್ಲಿ ನಾನು ಏನು ಬೇಡಿಕೊಂಡೆ ಗೊತ್ತೇ? ಸುಳ್ಳು ಹೇಳಿಬಿಡೋ ಎಂದು ಬೇಡಿಕೊಂಡೆ. ಸುಳ್ಳನ್ನು ಕಂಡರೆ ಉರಿದು ಬೀಳುವವನ ಕೈಯಲ್ಲಿ ಹುಟ್ಟಿದ ನಾನು! ‘ಚನ್ನವೀರಪ್ಪ ದೊಡ್ಡ ಮನುಷ್ಯ ಇದ್ದ ಅಂತ ಬರದಾರ್ರಿ’ ಅಂದುಬಿಡು, ಎದ್ದು ಹೋಗು, ಯಾರ ಗಂಟು ಹೋಗುತ್ತದೆ? ಆದರೆ ಮಜ್ಜಿಗೆ ಕುಡಿದು ಮಲಗುವವಳ ಗಂಟು ಹೋಗುತ್ತಿತ್ತಲ್ಲ. ಯಾವುದು ಸರಿ? ನನಗೆ ಇವತ್ತಿಗೂ ತಿಳಿದಿಲ್ಲ.

ಗದಿಗೆಪ್ಪ ಓದಿದ. ಒಂದಕ್ಷರ ಬಿಡದೆ, ಬೋರ್ಡಿಲ್ಲ ಎಂಬಲ್ಲಿಂದ ಹಿಡಿದು ಕೊನೆಯ ಸಾಲಿನವರೆಗೆ. ಓದಿ ಮುಗಿಸಿ, “ಇದನ್ನ ಬರದಾವ ನಾನಽರಿ” ಎಂದ.

ನೀಲಗಂಗವ್ವ ತಿರುಗಿ ಬಾಗಿಲ ಕಡೆ ನೋಡಿದಳು.

“ಹಂಗಾರ ಆ ಮಂದಿ...”

“ಪುಸ್ತಕ ಓದಿ ಬಂದವರ್ರಿ.”

“ಅವರ ಹೆಸರು ಹೇಳ್ತಿದ್ರಲ್ಲ?”

“ನಾ ಬರದಿದ್ದೆ, ಹೆಸರು ಹೇಳಿ ಕೇಳ್ರಿ ಅಂತ.”

“ಯಾರಿಗೂ ಅವರು ಗೊತ್ತಿದ್ದಿಲ್ಲ?”

“ಇಲ್ರಿ.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಗದಿಗೆಪ್ಪನ ಹತ್ತಿರ ಉತ್ತರ ಇರುತ್ತದೆ. ಅವಳು ತಾಟಿನಿಂದ ಅವನ ನೋಟು ಎತ್ತಿ ಅವನ ಅಂಗಿಯ ಕಿಸೆಗೆ ತುರುಕಿದಳು.

“ಸತ್ತವರ ಮುಂದ ಊಟದ ಬಿಲ್ಲು ಇಡಬ್ಯಾಡ. ಇದನ್ನೂ ತಗೊಂಡು ಹೋಗು” ಎಂದು ನನ್ನ ಕಡೆ ಕೈ ಮಾಡಿದಳು. ನಾವು ಹೊರಗೆ ಬಂದ ಮೇಲೆ ಬಾಗಿಲು ಹಾಕಿಕೊಂಡಿತು.

ಮರುದಿನದಿಂದ ಗದಿಗೆಪ್ಪ ಮಷೀನು ಬಿಟ್ಟು, ಮಧ್ಯಾಹ್ನದ ಹೊತ್ತು ಆ ಓಣಿಯ ಬಾಯಲ್ಲಿ ನಿಲ್ಲತೊಡಗಿದ. ಕೈಯಲ್ಲಿ ನಾನು. ಕೆಂಪು ರಟ್ಟು ಹಿಡಿದು ಬರುವವರನ್ನು ಕಂಡರೆ ಅಡ್ಡಗಟ್ಟುತ್ತಿದ್ದ. “ಇಲ್ಲಿ ಖಾನಾವಳಿ ಇಲ್ರಿ, ಹಿಂದಕ್ಕ ಹೋಗ್ರಿ. ಪುಸ್ತಕ ಸುಳ್ಳು ಹೇಳತೈತಿ.”

ದಾವಲ್ ರಿಕ್ಷಾ ನಿಲ್ಲಿಸಿ ನೋಡಿದ. “ನಿನಗ ಹುಚ್ಚು ಹಿಡದೈತಿ ಗದಿಗ್ಯಾ.”

“ಹಿಡದೈತಿ. ನೀನೂ ಬಾ, ನಿಂದರು. ಆ ಖಾಕಿ ಅಂಗಿ ಹಾಕ್ಕೊಂಡು ಹೋಗಿ ಕುಂತಾವ ನೀನಽ!”

“ಅಂಗಿ ಬಿಟ್ಟು ಹೋಗಿದ್ರ ಒಳಗ ಬಿಡ್ತಿದ್ರೇನಲೇ?”

ಜನ ನಂಬಲಿಲ್ಲ. ನನ್ನನ್ನು ನಂಬಿದವರು ನನ್ನನ್ನು ಬರೆದವನನ್ನು ನಂಬಲಿಲ್ಲ. ನಾನೇ ಬರೆದವನು ಅಂದರೆ ನಕ್ಕರು. ದಪ್ಪ ಮೀಸೆಯ ಒಬ್ಬ ತನ್ನ ಸಂಗಡಿಗರಿಗೆ, “ಗೊತ್ತಾತು ಬಿಡ್ರಿ. ಬ್ಯಾರೆ ಹೋಟೆಲ್‌ದವರು ರೊಕ್ಕ ಕೊಟ್ಟು ಇವನ್ನ ಇಲ್ಲಿ ನಿಂದರ್ಸ್ಯಾರ” ಅಂದ. ಯಾರಿಂದಲೂ ಒಂದು ಕಪ್ಪು ಚಹಾ ಮುಟ್ಟದ ಗದಿಗೆಪ್ಪನಿಗೆ ಈ ಮಾತು! ಅವನು ಆ ಮನುಷ್ಯನ ಅಂಗಿ ಹಿಡಿದ. ಆ ಮನುಷ್ಯ ಇವನ ಕೂದಲು ಹಿಡಿದ. ನಾನು ಮಣ್ಣಿಗೆ ಬಿದ್ದೆ, ನನ್ನ ಮೇಲೆ ಯಾರದೋ ಚಪ್ಪಲಿ. ದಾವಲ್ ನಡುವೆ ಹೋಗಿ ಇಬ್ಬರ ಪಾಲಿನ ಏಟನ್ನೂ ತಿಂದ.

ಆ ಗದ್ದಲದಲ್ಲೇ ಒಬ್ಬ ಮುದುಕ ಬಂದ. ಒಂದು ಕಾಲು ಎಳೆಯುತ್ತಿದ್ದ, ಹೆಗಲ ಮೇಲೆ ಶೇಂಗಾದ ಚೀಲ.

“ಚನ್ನವೀರಪ್ಪನ ಮನೆ ಇದೇ ಓಣಿಯಾಗೆ ಏನಪ್ಪಾ?” ಎಂದ.

ಸಿಟ್ಟು ಇನ್ನೂ ಇಳಿಯದಿದ್ದ ಗದಿಗೆಪ್ಪ ಅಬ್ಬರಿಸಿದ: “ಖಾನಾವಳಿ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು? ಹೋಗ್ರಿ ಹಿಂದಕ್ಕ!”

ಮುದುಕ ಅವನ ಮುಖವನ್ನೇ ನೋಡಿದ. “ಯಾವ ಖಾನಾವಳಿ? ನಾನು ಮನೆ ಕೇಳ್ತಿದೀನಿ ಕಣಪ್ಪ. ಚಳ್ಳಕೆರೆಯಿಂದ ಬಂದಿದೀನಿ. ನಾವಿಬ್ರೂ ಒಂದೇ ಲಾರಿಯಾಗೆ ಇದ್ವಿ. ಅವನು ತೀರಿಕೊಂಡ ಅಂತ ನನಗೆ ಮೊನ್ನೆ ತಿಳೀತು.”

ಗದಿಗೆಪ್ಪ ಬಗ್ಗಿ ನನ್ನನ್ನು ಮಣ್ಣಿನಿಂದ ಎತ್ತಿಕೊಂಡ. ಗದ್ದಲ ಕೇಳಿ ನೀಲಗಂಗವ್ವ ಅಷ್ಟರಲ್ಲಿ ಮನೆಯಿಂದ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು.

“ಬರ್ರಿ ಅಣ್ಣಾರ, ಮನಿ ಒಳಗೈತಿ” ಎಂದು ಮುದುಕನ ಚೀಲ ಇಸಿದುಕೊಂಡಳು. ಆಮೇಲೆ ಗದಿಗೆಪ್ಪನ ಕಡೆ ತಿರುಗಿದಳು. ಇಷ್ಟು ದಿನ ಬರದ ಬೈಗುಳ ಆಗ ಬಂತು.

“ಏ ಪುಸ್ತಕದಾಂವ! ನನ್ನ ಬಾಗಿಲಾ ಕಾಯಾಕ ನಿನಗ ಯಾರಲೇ ಹೇಳಿದ್ರು? ಯಾರು ಅವರ ಹೆಸರು ಹಿಡಿದು ಬಂದಾರ, ಯಾರು ನಿನ್ನ ಪುಸ್ತಕ ಹಿಡಿದು ಬಂದಾರ, ಮಾರಿ ನೋಡಿ ತಿಳೀತೈತೇನು ನಿನಗ? ಉಣ್ಣಾಕ ನೀಡಿದ ನನಗಽ ತಿಳೀಲಿಲ್ಲ! ಇಷ್ಟು ದಿನದಾಗ ಇಂಥವರು ಎಷ್ಟು ಮಂದೀನ ಹಿಂದಕ್ಕ ಕಳಿಸಿದ್ಯೋ ಏನೋ, ಹಸಿದವರನ್ನ!”

“ತಪ್ಪಾತ್ರೀ ಅವ್ವಾರ.”

“ತಪ್ಪು ಆದದ್ದು ಆತು. ಇನ್ನ ಮ್ಯಾಲೆ ಹೆಸರು ಹಿಡಿದು ಬಂದವರು ಉಂಡು ಹೋಗಲಿ. ಪುಸ್ತಕ ಹಿಡಿದು ಬಂದವರು ರೊಕ್ಕ ಕೊಟ್ಟು ಉಣ್ಣಲಿ. ಅವರ ಫೋಟೋದ ಮುಂದ ಅಲ್ಲ, ಬಾಗಿಲದಾಗ ಇಡಲಿ. ಕೊಡು ಆ ಪುಸ್ತಕ ಇಲ್ಲೆ.”

ದಪ್ಪ ಮೀಸೆಯವನು ಕೂದಲು ಸರಿಮಾಡಿಕೊಂಡು, “ಹಂಗಾರ ಖಾನಾವಳಿ ಐತಿ ಅಂದಂಗಾತು” ಅಂದ. ಯಾರೂ ಇಲ್ಲವೆನ್ನಲಿಲ್ಲ.

ಹೀಗೆ ನಾನು ಮತ್ತೆ ಆ ಮನೆ ಸೇರಿದೆ, ಈ ಸಲ ಹೊಸ್ತಿಲ ಒಳಮಗ್ಗುಲಿಗೆ. ಹಿತ್ತಾಳೆಯ ತಾಟು ಫೋಟೋದ ಮುಂದಿನಿಂದ ಎದ್ದು ಬಂದು ನನ್ನ ಮೇಲೆ ಕೂತಿತು. ತಾಟು ನೆಟ್ಟಗೆ ನಿಲ್ಲಲು ಅಡಿಯಲ್ಲಿ ಏನಾದರೂ ಬೇಕಾಗಿತ್ತು, ನಾನು ಸರಿಯಾದ ದಪ್ಪ ಇದ್ದೆ. ಪಾರವ್ವ ರೊಟ್ಟಿ ಬಡಿಯಲು ಬಂದಳು. ಒಲೆ ದೊಡ್ಡದಾಯಿತು. ನೀಲಗಂಗವ್ವ ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದಳು. ಸೋಮವಾರಕ್ಕೊಮ್ಮೆ ಹುಗ್ಗಿಯೂ ಆಗತೊಡಗಿತು, ಪುಸ್ತಕದಲ್ಲಿ ಇದೆ ಎಂದು. ಬಂದವರಲ್ಲಿ ಯಾರು ಹೆಸರಿನವರು, ಯಾರು ಪುಸ್ತಕದವರು ಎಂಬ ಗೊಂದಲ ಮಾತ್ರ ಬಗೆಹರಿಯಲೇ ಇಲ್ಲ. ಪುಸ್ತಕ ಹಿಡಿದು ಬಂದವನು ಆರು ತಿಂಗಳು ಉಂಡ ಮೇಲೆ ಫೋಟೋಕ್ಕೆ ಕೈ ಮುಗಿದು ಕೂರುತ್ತಾನೆ. ಅವನನ್ನು ಯಾವುದಕ್ಕೆ ಸೇರಿಸುವುದು?

ಗದಿಗೆಪ್ಪ ಮಾತ್ರ ಯಾವುದಕ್ಕೂ ಸೇರಲಿಲ್ಲ. ಅವನ ಹಣವನ್ನು ಅವಳು ಮುಟ್ಟುವುದಿಲ್ಲ. “ನೀ ಪುಸ್ತಕ ಹಿಡಿದು ಬಂದಾಂವ ಅಲ್ಲ, ಬರದಾಂವ. ಉಣ್ಣು ಸುಮ್ನ” ಅನ್ನುತ್ತಾಳೆ. ಅವನು ತಾಟಿಗೆ ನೋಟು ಒಗೆದು ಓಡಿದರೆ, ಅದೇ ನೋಟು ಎರಡು ರೊಟ್ಟಿಯ ನಡುವೆ ಮಡಿಚಿಕೊಂಡು ದಾವಲ್‌ನ ಕೈಯಲ್ಲಿ ಪ್ರೆಸ್ಸಿಗೆ ಬರುತ್ತದೆ. ಕೊನೆಗೆ ಅವನು ದಿನಾ ಬೆಳಿಗ್ಗೆ ಅಪ್ಪ ಕಟ್ಟಿದ ಒಂದು ಮಾಲೆಯನ್ನು ಫೋಟೋಕ್ಕೆ ತಂದು ಹಾಕತೊಡಗಿದ.

ಎರಡನೆಯ ಮುದ್ರಣದ ಮೊಳೆ ಜೋಡಿಸುವ ಕಾಲ ಬಂತು. ಈ ಮನೆಯ ಪುಟ ಅದರಲ್ಲಿ ಇರಬೇಕೋ ಬೇಡವೋ ಎಂಬ ವಾದವನ್ನು ಗದಿಗೆಪ್ಪ, ದಾವಲ್ ಇಬ್ಬರೂ ಈ ಪಡಸಾಲೆಯಲ್ಲೇ ಉಣ್ಣುತ್ತ ಮಾಡಿದರು.

“ಹಾಕೂದಿಲ್ಲ” ಅಂದ ಗದಿಗೆಪ್ಪ. “ಪುಕ್ಕಟೆ ಉಣಿಸಿದವರ ಹೆಸರು ಬರೂದಿಲ್ಲ. ನಾನಽ ಬರದದ್ದು.”

“ಮಾಲಿ ತರ್ತೀಯಲ್ಲೋ, ಅದು ಲೆಕ್ಕಕ್ಕಿಲ್ಲೇನು?”

“ಮಾಲಿ ಊಟಕ್ಕಲ್ಲ. ಅದು ಅವರಿಗೆ. ಮತ್ತ ಇಲ್ಲೆ ಎಲ್ಲರಿಗೂ ನಾ ಯಾರಂತ ಗೊತ್ತೈತಿ. ಕಟ್ಟಳೆ ಎರಡೂ ಕಡೆ ಮುರದೈತಿ.”

“ಹಂಗಾರ ಇಲ್ಲದಾಗ ಐತಿ ಅಂತ ಬರದಿ. ಈಗ ಐತಿ, ಇಲ್ಲ ಅಂತ ಬರೀತಿ. ಭಾರಿ ಖರೇ ಮನುಷ್ಯಾ ನೀನು!”

ಗದಿಗೆಪ್ಪ ರೊಟ್ಟಿ ಮುರಿದು ಕೂತ. ಅವನಿಗೆ ಸಿಟ್ಟು ಬಂದಿತ್ತು, ಕಣ್ಣೂ ತೇವವಾಗಿತ್ತು. ಯಾವುದು ಯಾತಕ್ಕೆ ಎಂದು ಅವನಿಗೂ ತಿಳಿದಿರಲಿಕ್ಕಿಲ್ಲ. ನೀಲಗಂಗವ್ವ ಬಂದು, ಅವನು ಸಾಕು ಅನ್ನುತ್ತಿದ್ದಂತೆಯೇ ಇನ್ನೊಂದು ರೊಟ್ಟಿ ಹಾಕಿ ಹೋದಳು.

ಎರಡನೆಯ ಮುದ್ರಣ ಬಂತು. ನೀಲಿ ರಟ್ಟು, ಒಳ್ಳೆಯ ಕಾಗದ. ಆ ಪುಟದಲ್ಲಿ ಈಗ ಯಾವುದೋ ಮಿರ್ಚಿ ಅಂಗಡಿ ಇದೆ. ಮಿರ್ಚಿ ಚೆನ್ನಾಗಿಯೇ ಇರಬಹುದು, ಉಣ್ಣದೆ ಗದಿಗೆಪ್ಪ ಬರೆಯುವವನಲ್ಲ. ನನ್ನ ಜೊತೆ ಹುಟ್ಟಿದವರೆಲ್ಲ ರದ್ದಿಗೆ ಹೋದರು, ಶೇಂಗಾದ ಪೊಟ್ಟಣವಾದರು. ಚನ್ನವೀರಪ್ಪನ ಪುಟ ಉಳಿದಿರುವುದು ನನ್ನಲ್ಲಿ ಮಾತ್ರ. ಅದೂ ವಿಭೂತಿ ಮತ್ತು ಎಣ್ಣೆ ಸೇರಿ ಅರ್ಧ ಮಾಸಿದೆ.

ಮೊನ್ನೆ ಒಬ್ಬ ಹುಡುಗ ನೀಲಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತ. ವಾಸನೆ ಹಿಡಿದು ಬಂದಿರಬೇಕು. ಪುಟ ತಿರುವಿ ತಿರುವಿ ನೋಡಿ, “ಇಲ್ಲೆ ಊಟ ಐತೇನ್ರಿ? ಪುಸ್ತಕದಾಗ ಇಲ್ಲ” ಎಂದ.

“ಪುಸ್ತಕದಾಗ ಇಲ್ಲಂದ್ರ ನಿನಗ ಹಸಿವೂ ಇಲ್ಲೇನು? ಒಳಗ ಬಾ” ಅಂದಳು ನೀಲಗಂಗವ್ವ. ಅವನ ಚೀಲ ಅಲ್ಲೇ ತಾಟಿನ ಪಕ್ಕ ಕೂತಿತು. ನೀಲಿ ರಟ್ಟಿನವನು ಚೀಲದೊಳಗಿಂದ ಇಣುಕಿ ನನ್ನನ್ನು ನೋಡಿದ, ಮುದಿ ಸುಳ್ಳುಗಾರನನ್ನು ನೋಡುವ ಹಾಗೆ.

ನಾನು ಏನು ಹೇಳಲಿ ಅವನಿಗೆ? ಅವನು ಹುಟ್ಟಿದ್ದು ಕಟ್ಟಳೆ ತಪ್ಪದೆ, ಅವನ ಹೊಟ್ಟೆಯಲ್ಲಿ ಈ ಮನೆ ಇಲ್ಲ. ನಾನು ಹುಟ್ಟಿದ್ದು ತಪ್ಪು ತಿಳಿದು, ನನ್ನ ಹೊಟ್ಟೆಯ ಒಂದೊಂದು ಸಾಲೂ ಈಗ ಇಲ್ಲಿ ಒಲೆಯ ಮೇಲೆ ಬೇಯುತ್ತಿದೆ. ನಮ್ಮಿಬ್ಬರಲ್ಲಿ ಖರೆ ಹೇಳುವವನು ಯಾರು? ಮೈಮೇಲೆ ತಾಟು ಹೊತ್ತು ದಿನವೂ ಯೋಚಿಸುತ್ತೇನೆ. ಸಿಟ್ಟು ಬರುತ್ತದೆ, ನಿದ್ದೆ ಬರುತ್ತದೆ, ಉತ್ತರ ಬರುವುದಿಲ್ಲ. ನಿಮಗೆ ತಿಳಿದಿದ್ದರೆ ಬಂದು ಹೇಳಿ ಹೋಗಿ. ಓಣಿಯ ಬಾಯಲ್ಲಿ ಬೋರ್ಡಿಲ್ಲ. ಚನ್ನವೀರಪ್ಪನ ಮನೆ ಯಾವುದು ಎಂದು ಕೇಳಿದರೆ ಸಾಕು.